ಎರಡು ಗಂಟೆಯ ಆರಾಧನೆಯಲ್ಲಿ ದೇವರನ್ನು ಹುಡುಕುವ ಹೊತ್ತೆಷ್ಟು? ದಾವಣಗೆರೆಯ ಒಂದು ಭಾನುವಾರದ ಸಭೆಯ ವಿಮರ್ಶೆ

ಹೋಟೆಲಿನ ದೋಸೆಗೂ ಬಟ್ಟೆ ಅಂಗಡಿಯ ಉಪಚಾರಕ್ಕೂ ವಿಮರ್ಶೆ ಬರೆಯುವುದು ಎಲ್ಲರಿಗೂ ರೂಢಿಯಾಗಿರುವ ಈ ದಿನಗಳಲ್ಲಿ ಕ್ರೈಸ್ತ ಸಭೆಯ ಭಾನುವಾರದ ಆರಾಧನೆಗೂ ಒಂದು ವಿಮರ್ಶೆ ಬರೆದರೆ ಸಭೆಯ ಹಿರಿಯರು ಮುಖ ಗಂಟಿಕ್ಕಬಹುದು. ದೇವರ ಸನ್ನಿಧಿಗೆ ಅಂಕ ಹಾಕುವ ಅಧಿಕಾರ ಯಾರಿಗೂ ಇಲ್ಲ ಎಂಬುದಕ್ಕೆ ನನ್ನ ಒಪ್ಪಿಗೆಯೂ ಇದೆ. ಆದರೆ ಆ ಸನ್ನಿಧಿಗೆ ಜನರನ್ನು ಕರೆದೊಯ್ಯಲೆಂದು ಮನುಷ್ಯರು ಮಾಡಿಕೊಂಡ ಏರ್ಪಾಡು, ಅಂದರೆ ಹಾಡುಗಳ ಆಯ್ಕೆ, ಮೈಕಿನ ಸದ್ದು, ಪ್ರಸಂಗದ (ಉಪದೇಶದ) ತಯಾರಿ, ಪ್ರಕಟಣೆಗಳ ಉದ್ದ, ಇವು ಪರೀಕ್ಷೆಗೆ ಮೀರಿದವಲ್ಲ. ನಿಮ್ಮ ಹಾಡುಗಳ ಗದ್ದಲ ನನಗೆ ಬೇಡವೆಂದು ದೇವರೇ ಪ್ರವಾದಿ ಆಮೋಸನ ಬಾಯಿಂದ ಹೇಳಿಸಿದ್ದು ಅವನ ಪುಸ್ತಕದ 5ನೆಯ ಅಧ್ಯಾಯದಲ್ಲಿದೆ. ತುಟಿಯಿಂದ ಗೌರವಿಸಿ ಹೃದಯವನ್ನು ದೂರವಿಟ್ಟ ಜನರನ್ನು ಕುರಿತು ಯೆಶಾಯನು ಆಡಿದ ಮಾತನ್ನು ಯೇಸು ತನ್ನ ಕಾಲದ ಫರಿಸಾಯರಿಗೂ ಶಾಸ್ತ್ರಿಗಳಿಗೂ ಎತ್ತಿ ಹೇಳಿದ್ದನ್ನು ಮತ್ತಾಯನು 15ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಆರಾಧನೆಯ ವಿಮರ್ಶೆ ಸತ್ಯವೇದದೊಳಗೇ (ಬೈಬಲಿನೊಳಗೇ) ನಡೆದಿರುವಾಗ ಅದರ ಹೊರಗೆ ನಡೆಯಬಾರದೆನ್ನಲು ಕಾರಣ ಕಾಣುವುದಿಲ್ಲ.

ಈ ಬರಹದ ವಸ್ತು ದಾವಣಗೆರೆಯ ಒಂದು ಪ್ರೊಟೆಸ್ಟೆಂಟ್ ಸಭೆಯಲ್ಲಿ ಕನ್ನಡದಲ್ಲಿ ನಡೆಯುವ ಭಾನುವಾರ ಬೆಳಗಿನ ಆರಾಧನೆ. ಗುಣದ ಜೊತೆಗೆ ದೋಷವನ್ನೂ ಹೇಳಬೇಕಾಗಿರುವುದರಿಂದ ಸಭೆಯ ಹೆಸರನ್ನಾಗಲೀ ಬಡಾವಣೆಯನ್ನಾಗಲೀ ಬರೆಯುತ್ತಿಲ್ಲ. ನಾನು ಆ ಸಭೆಯ ಸದಸ್ಯನಲ್ಲ. ಅದೇ ಊರಿನ ಬೇರೊಂದು ಸಭೆಗೆ ಸೇರಿದವನು, ಕೆಲವು ತಿಂಗಳುಗಳಿಂದ ಆಗಾಗ ಅಲ್ಲಿಗೆ ಹೋಗಿ ಕುಳಿತವನು. ಪ್ರತಿ ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಮುಂಬರುವ ವರ್ಷಕ್ಕೊಂದು ವಾಗ್ದಾನದ ವಾಕ್ಯವನ್ನು ಆರಿಸಿ ಘೋಷಿಸುವ ಪದ್ಧತಿ ನಮ್ಮ ಕಡೆಯ ಬಹುತೇಕ ಸಭೆಗಳಲ್ಲಿದೆ. ಈ ಸಭೆಯವರು ಆರಿಸಿಕೊಂಡದ್ದು ಪ್ರವಾದಿ ಯೆರೆಮೀಯನ ಪುಸ್ತಕದ 29ನೆಯ ಅಧ್ಯಾಯದ 13ನೆಯ ವಚನವನ್ನು: ಪೂರ್ಣ ಮನಸ್ಸಿನಿಂದ ಹುಡುಕಿದರೆ ನನ್ನನ್ನು ಕಂಡುಕೊಳ್ಳುವಿರಿ ಎಂಬ ಅರ್ಥದ ಮಾತು ಅದು. ವೇದಿಕೆಯ ಹಿಂದಿನ ಗೋಡೆಯನ್ನೆಲ್ಲ ಆವರಿಸಿದ ಫ್ಲೆಕ್ಸಿನಲ್ಲಿ, ಸೂರ್ಯೋದಯದ ಚಿತ್ರದ ಮೇಲೆ ಹಳದಿ ಅಕ್ಷರಗಳಲ್ಲಿ, ಅದು ವರ್ಷವಿಡೀ ಎಲ್ಲರ ಕಣ್ಣೆದುರಿಗಿರುತ್ತದೆ. ಹಾಗಾಗಿ ನಾನು ಹೊರಗಿನಿಂದ ಅಳತೆಗೋಲು ತರಬೇಕಾಗಲಿಲ್ಲ. ಗೋಡೆಯ ಮೇಲೆ ಬರೆದುಕೊಂಡದ್ದಕ್ಕೆ ಗೋಡೆಯ ಮುಂದೆ ನಡೆಯುವುದು ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನಷ್ಟೇ ನೋಡಿದ್ದೇನೆ.

ಮೊದಲು ಸ್ಥಳದ ವಿಷಯ. ಮಾಳಿಗೆ ಮನೆಯೊಂದರ ನೆಲಮಹಡಿಯನ್ನು ಒಡೆದು ಒಂದೇ ಹಾಲ್ ಮಾಡಿದ್ದಾರೆ. ಚಪ್ಪಲಿ ಹೊರಗೆ ಬಿಡಬೇಕು. ಮುಂದಿನ ಅರ್ಧದಲ್ಲಿ ಜಮಖಾನೆ, ಹಿಂದಿನ ಅರ್ಧದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ ಕೂರುವುದು ನಿಯಮವಲ್ಲದಿದ್ದರೂ ರೂಢಿ. ಬಾಗಿಲಲ್ಲಿ ನಿಂತವರು ಹೊಸಬರ ಎರಡೂ ಕೈ ಹಿಡಿದು ವಂದನೆ ಹೇಳುತ್ತಾರೆ, ಹೆಸರು ಮತ್ತು ಊರು ಕೇಳುತ್ತಾರೆ, ಜಾತಿಯ ಜಾಡು ಹಿಡಿಯುವ ಮೂರನೆಯ ಪ್ರಶ್ನೆಯನ್ನು ಕೇಳುವುದಿಲ್ಲ. ಇದನ್ನು ದೊಡ್ಡ ಗುಣವೆಂದೇ ಎಣಿಸುತ್ತೇನೆ. ಏಪ್ರಿಲ್, ಮೇ ತಿಂಗಳ ದಾವಣಗೆರೆಯ ಬಿಸಿಲಿಗೆ ಹಾಲಿನಲ್ಲಿರುವ ಫ್ಯಾನುಗಳು ಸಾಲವು. ಕುಡಿಯುವ ನೀರಿನ ಕ್ಯಾನು ಬಾಗಿಲ ಬಳಿಯೇ ಇದೆ.

ಆರಾಧನೆ ಎಂಟೂವರೆಗೆ ಹಾಡುಗಳಿಂದ ಶುರುವಾಗುತ್ತದೆ ಮತ್ತು ಹಾಡುಗಳೇ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. ಕನ್ನಡ ಕ್ರೈಸ್ತ ಸಭೆಗಳ ಹಾಡುಗಾರಿಕೆಯಲ್ಲಿ ಹಲವು ಧಾರೆಗಳು ಸೇರಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನ್ ಸಭೆಗಳ ರಾಗಗಳಿಗೆ ಕನ್ನಡದ ಮಾತುಗಳನ್ನು ಕೂಡಿಸಿ ಕೊಟ್ಟ ಸಂಗೀತಗಳು ಒಂದು ಧಾರೆ. ನಮ್ಮದೇ ರಾಗತಾಳಗಳಲ್ಲಿ, ಪಲ್ಲವಿ ಚರಣಗಳ ಕಟ್ಟಿನಲ್ಲಿ ಬೆಳೆದ ಕೀರ್ತನೆಗಳು ಇನ್ನೊಂದು. ಈಚಿನ ದಶಕಗಳಲ್ಲಿ ಕೀಬೋರ್ಡು ಮತ್ತು ಪ್ಯಾಡಿನ ಜೊತೆಗೆ ಬಂದ, ಎರಡು ಸಾಲನ್ನು ಹತ್ತಾರು ಸಲ ಹಾಡುವ ಸ್ತುತಿಗೀತೆಗಳು ಮೂರನೆಯದು. ಈ ಸಭೆಯಲ್ಲಿ ಮೊದಲ ಎರಡಕ್ಕೆ ತಲಾ ಒಂದು ಹಾಡಿನ ಪಾಲು ಸಿಕ್ಕರೆ ಉಳಿದದ್ದೆಲ್ಲ ಮೂರನೆಯದರ ಪಾಲು. ಸಾಹಿತ್ಯವನ್ನು ಪ್ರೊಜೆಕ್ಟರಿನಿಂದ ಗೋಡೆಗೆ ಬಿಡುತ್ತಾರೆ. ಒತ್ತಕ್ಷರ ತಪ್ಪಿ ಬಿದ್ದ ಸಾಲುಗಳನ್ನು ಯಾರೂ ತಿದ್ದಿಲ್ಲ. ಸದ್ದಿನ ವಿಷಯದಲ್ಲಿ ನನ್ನ ಆಕ್ಷೇಪ ಗಟ್ಟಿಯಾಗಿಯೇ ಇದೆ: ಅಷ್ಟು ಚಿಕ್ಕ ಹಾಲಿಗೆ ಮದುವೆ ಮಂಟಪದ ಸ್ಪೀಕರುಗಳು ಬೇಕಾಗಿಲ್ಲ. ಮುಂದೆ ನಿಂತು ಹಾಡುವ ನಾಲ್ವರ ದನಿ ಸ್ಪೀಕರಿನಿಂದ ಬರುವಾಗ ಸಭೆಯ ದನಿ ಸಭೆಗೇ ಕೇಳಿಸುವುದಿಲ್ಲ; ಪಕ್ಕದವರು ಹಾಡುತ್ತಿದ್ದಾರೋ ತುಟಿಯಾಡಿಸುತ್ತಿದ್ದಾರೋ ತಿಳಿಯುವುದಿಲ್ಲ, ಸ್ವಲ್ಪ ಹೊತ್ತಿನಲ್ಲಿ ತಾನು ಹಾಡಿದರೂ ಬಿಟ್ಟರೂ ವ್ಯತ್ಯಾಸವಿಲ್ಲವೆಂದು ಮನಸ್ಸು ಲೆಕ್ಕ ಹಾಕಿಬಿಡುತ್ತದೆ. ಹಾಡಿನ ನಡುವೆ ಮುಂದಾಳು ಇನ್ನೂ ಜೋರಾಗಿ, ಇನ್ನೂ ಜೋರಾಗಿ ಎಂದು ಹುರಿದುಂಬಿಸುತ್ತಾರೆ. ಒಂದು ಭಾನುವಾರ ಅವರು, ಕೈ ಎತ್ತದವರ ಹೃದಯ ಇನ್ನೂ ಮನೆಯಲ್ಲೇ ಇದೆ ಎಂದರು. ಮೊಣಕಾಲು ನೋವಿನ ವೃದ್ಧೆಯೊಬ್ಬರು ಒಂದು ಕೈಯಲ್ಲಿ ಕುರ್ಚಿಯ ಬೆನ್ನು ಹಿಡಿದುಕೊಂಡೇ ಇನ್ನೊಂದನ್ನು ಎತ್ತಿದರು.

ಇಷ್ಟು ಹೇಳಿದ ಮೇಲೆ ಎದುರು ಮಾತನ್ನೂ ಹೇಳಬೇಕು. ಜೋರು ದನಿಯ ಆರಾಧನೆಯೆಲ್ಲ ಟೊಳ್ಳು ಎಂಬ ತೀರ್ಪು ಓದುಬಲ್ಲ ಕ್ರೈಸ್ತರಲ್ಲಿ ಸುಲಭವಾಗಿ ಓಡಾಡುತ್ತದೆ. ಸತ್ಯವೇದ ಅದಕ್ಕೆ ಒತ್ತಾಸೆ ಕೊಡುವುದಿಲ್ಲ. ಎರಡನೆಯ ಪೂರ್ವಕಾಲವೃತ್ತಾಂತದ 15ನೆಯ ಅಧ್ಯಾಯದಲ್ಲಿ ಯೆಹೂದದ ಅರಸನಾದ ಆಸನೂ ಅವನ ಜನರೂ ಪೂರ್ಣ ಹೃದಯದಿಂದ ದೇವರನ್ನು ಹುಡುಕುತ್ತೇವೆಂದು ಒಡಂಬಡಿಕೆ ಮಾಡಿಕೊಂಡಾಗ ಮಹಾಧ್ವನಿಯಿಂದ ಆರ್ಭಟಿಸಿದರು, ತುತೂರಿ ಕೊಂಬುಗಳನ್ನು ಊದಿದರು; ದೇವರು ಅವರಿಗೆ ಸಿಕ್ಕಿದನು ಎಂದೇ ಅಲ್ಲಿ ಬರೆದಿದೆ. ಮೊದಲನೆಯ ಸಮುವೇಲನ ಮೊದಲ ಅಧ್ಯಾಯದಲ್ಲಿ ಹನ್ನಳು ದನಿಯಿಲ್ಲದೆ ಪ್ರಾರ್ಥಿಸಿದಳು, ತುಟಿ ಮಾತ್ರ ಅಲ್ಲಾಡುತ್ತಿತ್ತು. ಅವಳನ್ನು ಕಂಡ ಯಾಜಕನಾದ ಏಲಿ ಕುಡಿದು ಬಂದವಳೆಂದು ಗದರಿಸಿದನು. ದನಿಯ ಎತ್ತರದಿಂದ ಮನಸ್ಸಿನ ಆಳವನ್ನು ಅಳೆಯಲು ಹೋದ ಯಾಜಕನ ಕತೆ ಇದು, ಮತ್ತು ವಿಮರ್ಶೆ ಬರೆಯಲು ಕುಳಿತವನಿಗೆ ಏಲಿಯ ಕುರ್ಚಿ ಬಹಳ ಹತ್ತಿರದಲ್ಲಿರುತ್ತದೆ. ಜಮಖಾನೆಯ ಮೇಲೆ ಮುಂದಿನ ಸಾಲಿನಲ್ಲಿ ಕೂರುವ ಒಬ್ಬ ಹೆಣ್ಣುಮಗಳು ಎಲ್ಲರೂ ಒಟ್ಟಿಗೆ ಪ್ರಾರ್ಥಿಸುವ ಹೊತ್ತಿನಲ್ಲಿ ಅಪ್ಪಾ, ತಂದೆಯೇ ಎಂದು ಕೂಗಿ ಅಳುತ್ತಾರೆ. ಹೊಗೆಗೆ ಒಡೆದ ದನಿ, ಮುಂಗೈ ತುಂಬ ಸುಟ್ಟ ಕಲೆ. ಹಳೇ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಆರಾಧನೆಯ ನಂತರ ಚಹಾದ ಲೋಟ ಕೈಯಲ್ಲಿಟ್ಟುಕೊಂಡು ಅವರೇ ಹೇಳಿದ್ದು ಹೀಗೆ: “ಮನ್ಯಾಗೆ ಜೋರಾಗಿ ಅತ್ರೆ ಪಕ್ಕದ್ಮನೇರು ಬರ್ತಾರಣ್ಣ. ಇಲ್ಲಾದ್ರೆ ಯಾರೂ ಏನೂ ಅನ್ನಲ್ಲ.” ವಾರವಿಡೀ ದನಿ ಎತ್ತುವ ಅವಕಾಶವಿಲ್ಲದವರಿಗೆ ಈ ಹಾಲ್ ಒಂದು ಗಂಟೆಯ ಮಟ್ಟಿಗೆ ಆ ಅವಕಾಶ ಕೊಡುತ್ತಿದೆ. ಸ್ಪೀಕರಿನ ಮೇಲಿನ ನನ್ನ ಆಕ್ಷೇಪ ಇದರಿಂದ ಇಲ್ಲವಾಗುವುದಿಲ್ಲ, ಯಾಕೆಂದರೆ ಆಕೆಯ ಅಳುವನ್ನು ಮುಳುಗಿಸುವುದೂ ಅದೇ ಸ್ಪೀಕರು.

ಹಾಡುಗಳ ನಂತರ ಆರಾಧನೆಯ ಸ್ವರೂಪ ಬದಲಾಗುತ್ತದೆ. ಈ ಸಭೆಯ ಸಭಾಪಾಲಕರು ಸ್ವತಂತ್ರ ಪ್ರಾರ್ಥನೆಯ ಪದ್ಧತಿಯವರಾದರೂ, ಹಿಂದಿನ ಪೀಳಿಗೆಯ ಹಿರಿಯರ ಒತ್ತಾಯದಿಂದ ಅಚ್ಚಾದ ಆರಾಧನಾಕ್ರಮದ ಕೆಲವು ಭಾಗಗಳನ್ನು ಉಳಿಸಿಕೊಂಡಿದ್ದಾರೆ. ಅದರ ಮೂಲ ದಕ್ಷಿಣ ಭಾರತ ಸಭೆಯ ಕ್ರಮ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಆಗಲೇ ಒಂದುಗೂಡಿದ್ದ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆಯಾದ ಮೇಲೆ 1950ರಲ್ಲಿ ಹೊರಬಂದ ಅದರ ಕರ್ತನ ಭೋಜನದ (ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆಯ) ಕ್ರಮ ಹೊರದೇಶಗಳ ಸಭೆಗಳಲ್ಲೂ ಗಮನ ಸೆಳೆಯಿತು. ದಾವಣಗೆರೆಯ ಈ ಹಾಲಿನಲ್ಲಿ ಉಳಿದಿರುವುದು ಅದರ ತುಂಡುಗಳಷ್ಟೇ: ಪಾಪದ ಅರಿಕೆ, ಸತ್ಯವೇದದ ಮೂರು ಪಾಠಗಳ ಓದು, ಸಮಾಧಾನ ಹಂಚಿಕೊಳ್ಳುವುದು. ನನ್ನ ತೀರ್ಮಾನವನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಗೋಡೆಯ ಮೇಲಿನ ವಾಕ್ಯಕ್ಕೆ ಅತ್ಯಂತ ಹತ್ತಿರ ಬರುವುದು ಈ ಮೂರು ತುಂಡುಗಳೇ. ಹಾಡು ಮನಸ್ಸನ್ನು ಬೆಚ್ಚಗೆ ಮಾಡುತ್ತದೆ. ಆದರೆ ಬೆಚ್ಚಗಾದ ಮನಸ್ಸೂ ಎರಡು ಪಾಲಾಗಿಯೇ ಇರಬಲ್ಲದು. ಪೂರ್ಣ ಮನಸ್ಸಿನಿಂದ ಹುಡುಕುವವನಿಗೆ ಮೊದಲು ತನ್ನ ಮನಸ್ಸು ಎಲ್ಲೆಲ್ಲಿ ಹಂಚಿಹೋಗಿದೆ ಎಂದು ಕಾಣಿಸಬೇಕು, ಆ ಕೆಲಸವನ್ನು ಹಾಡಿಗಿಂತ ಅರಿಕೆ ಚೆನ್ನಾಗಿ ಮಾಡುತ್ತದೆ.

ಆಸನ ಕತೆಯ ಮುಂದಿನ ಭಾಗವೂ ಇದನ್ನೇ ಹೇಳುತ್ತದೆ, ಆದರೆ ಅದನ್ನು ಸಭೆಗಳಲ್ಲಿ ಓದುವುದು ಕಡಿಮೆ. ತುತೂರಿ ಊದಿ ಆಣೆಯಿಟ್ಟ ಅದೇ ಅರಸನು 16ನೆಯ ಅಧ್ಯಾಯದಲ್ಲಿ ಯುದ್ಧದ ಭಯ ಬಂದಾಗ ದೇವಾಲಯದ ಬೆಳ್ಳಿ ಬಂಗಾರವನ್ನೇ ತೆಗೆದು ಅರಾಮಿನ ಅರಸನಾದ ಬೆನ್ಹದದನಿಗೆ ಕಳುಹಿಸುತ್ತಾನೆ. ಅದನ್ನು ತಪ್ಪೆಂದು ಹೇಳಿದ ದರ್ಶಿಯಾದ ಹನಾನಿಯನ್ನು ಸೆರೆಯಲ್ಲಿಡುತ್ತಾನೆ. ಕಾಲಿನ ರೋಗ ಬಲವಾದಾಗಲೂ ದೇವರನ್ನು ಹುಡುಕಲಿಲ್ಲ ಎಂದು ವೃತ್ತಾಂತಕಾರ ನಿಷ್ಠುರವಾಗಿ ಬರೆಯುತ್ತಾನೆ. ಆಣೆಯ ದಿನ ಅವನು ನಟಿಸಿದನೆಂದು ಎಲ್ಲಿಯೂ ಬರೆದಿಲ್ಲ. ಅಂದಿನ ಕಾವು ನಿಜವೇ ಆಗಿತ್ತು, ಮುಂದಿನ ವರ್ಷಗಳಿಗೆ ಅದು ಸಾಲಲಿಲ್ಲ.

ಪಾಪದ ಅರಿಕೆ ಈ ಸಭೆಯಲ್ಲಿ ನಡೆಯುವ ರೀತಿಯಲ್ಲಿ ಒಂದು ದೊಡ್ಡ ಕೊರತೆಯಿದೆ. ಕ್ರಮದ ಪ್ರಕಾರ ಸಭಾಪಾಲಕರು ಅರಿಕೆಗೆ ಕರೆದ ಮೇಲೆ ಎಲ್ಲರೂ ಮೊಣಕಾಲೂರಿ ಸ್ವಲ್ಪ ಹೊತ್ತು ಸುಮ್ಮನಿರಬೇಕು, ಆಮೇಲೆ ಒಟ್ಟಿಗೆ ಅರಿಕೆಯ ಮಾತುಗಳನ್ನು ಓದಬೇಕು. ಇಲ್ಲಿ ಆ ಸುಮ್ಮನಿರುವ ಹೊತ್ತು ಒಂದು ಉಸಿರಿನಷ್ಟೂ ಇರುವುದಿಲ್ಲ. ಮೊಣಕಾಲು ನೆಲಕ್ಕೆ ತಾಗುವ ಮೊದಲೇ ಮೈಕಿನಲ್ಲಿ ಅರಿಕೆ ಶುರುವಾಗಿರುತ್ತದೆ, ಹಿಂದಿನಿಂದ ಕೀಬೋರ್ಡಿನ ಮೆಲುದನಿಯೂ ಹರಿಯುತ್ತಿರುತ್ತದೆ. ಲೂಕನ 18ನೆಯ ಅಧ್ಯಾಯದ ಸುಂಕದವನು ದೂರದಲ್ಲಿ ನಿಂತು ಎದೆ ಬಡಿದುಕೊಂಡು ಆಡಿದ್ದು ಒಂದೇ ವಾಕ್ಯ. ಅದನ್ನು ಆಡುವ ಮೊದಲು ಅವನು ಎಷ್ಟು ಹೊತ್ತು ನಿಂತಿದ್ದನೆಂದು ಕತೆಯಲ್ಲಿಲ್ಲ, ಅವನ ಹಿಂದೆ ಯಾರೂ ವಾದ್ಯ ನುಡಿಸುತ್ತಿರಲಿಲ್ಲ ಎಂಬುದಂತೂ ಖಾತ್ರಿ. ಒಂದು ಭಾನುವಾರ ಮಾತ್ರ ಕರೆಂಟ್ ಹೋಗಿ ಕೀಬೋರ್ಡೂ ಮೈಕೂ ಒಟ್ಟಿಗೆ ನಿಂತವು. ಯುಪಿಎಸ್ ಸರಿಮಾಡಲು ಹುಡುಗರು ಓಡಾಡುತ್ತಿದ್ದ ಆ ಎರಡು ಮೂರು ನಿಮಿಷದಲ್ಲಿ ಸಭಾಪಾಲಕರು ಬರಿಯ ದನಿಯಲ್ಲಿ ಮೊದಲ ಸಾಲು ಹೇಳಿ ನಿಲ್ಲಿಸಿದರು, ಜನ ತಮ್ಮ ದನಿಯಲ್ಲಿ ತಾವೇ ಮುಂದುವರಿಸಿದರು. ಆ ಸಭೆಯಲ್ಲಿ ಎಷ್ಟು ಜನರಿಗೆ ಅರಿಕೆ ಬಾಯಿಪಾಠವಿದೆ ಎಂಬುದು ಅಂದು ತಿಳಿಯಿತು. ಕರೆಂಟ್ ಇರುವ ಭಾನುವಾರಗಳಲ್ಲಿಯೂ ಹೀಗೆಯೇ ಮಾಡಲು ಖರ್ಚೇನೂ ಇಲ್ಲ.

ಸತ್ಯವೇದದ ಓದು ಇಲ್ಲಿನ ಆರಾಧನೆಯ ಅತ್ಯುತ್ತಮ ಭಾಗ. ಬಳ್ಳಾರಿಯ ಲಂಡನ್ ಮಿಶನ್ನಿನವರ ಕೆಲಸದಿಂದ 1831ರಲ್ಲಿ ಪೂರ್ತಿ ಸತ್ಯವೇದ ಕನ್ನಡಕ್ಕೆ ಬಂದಂದಿನಿಂದ ನಮ್ಮ ಸಭೆಗಳಲ್ಲಿ ಗಟ್ಟಿಯಾಗಿ ಓದುವ ಪದ್ಧತಿ ಬೆಳೆದಿದೆ. ಓದು ಬಾರದ ಅಜ್ಜಿಯರಿಗೂ ಅಧ್ಯಾಯಗಟ್ಟಲೆ ಬಾಯಿಗೆ ಬರುತ್ತಿದ್ದುದು ಕೇಳಿ ಕೇಳಿಯೇ. ಈ ಸಭೆಯಲ್ಲಿ ಹಳೆಯ ಒಡಂಬಡಿಕೆಯ ಪಾಠವನ್ನು ಓದುವವರು ಮುಚ್ಚಿಹೋದ ಹತ್ತಿ ಗಿರಣಿಯೊಂದರಲ್ಲಿ ಕೆಲಸ ಮಾಡಿದ್ದ ಹಿರಿಯರು. ಕನ್ನಡಕದ ಕಾಲಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾರೆ, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಾರೆ. ವಾಗ್ದಾನದ ಅಧ್ಯಾಯವನ್ನು ಓದಿದ ದಿನ ಅವರು 13ನೆಯ ವಚನಕ್ಕೆ ನೇರವಾಗಿ ಹಾರಲಿಲ್ಲ; ಮೊದಲ ವಚನದಿಂದ ಶುರುಮಾಡಿ, ಬಾಬಿಲೋನಿನಲ್ಲಿ ಸೆರೆಯಲ್ಲಿದ್ದವರಿಗೆ ಯೆರೆಮೀಯ ಬರೆದ ಕಾಗದವನ್ನು ಯೆರೂಸಲೇಮಿನಿಂದ ಒಯ್ದ ಶಾಫಾನನ ಮಗ ಎಲಾಸ, ಹಿಲ್ಕೀಯನ ಮಗ ಗೆಮರ್ಯ ಎಂಬ ಇಬ್ಬರ ಹೆಸರನ್ನೂ ಅವಸರವಿಲ್ಲದೆ ಓದಿದರು. ಕಾಗದ ಬರೆದವನು, ಒಯ್ದವರು, ಓದಿಸಿಕೊಂಡವರು ಎಲ್ಲರೂ ಕಣ್ಣಮುಂದೆ ಬಂದರು. ಓದುವವನಿಗೆ ಅರ್ಥವಾಗಿರುವುದು ಕೇಳುವವನ ಕಿವಿಗೆ ತಿಳಿಯುತ್ತದೆ.

ಓದಿನಲ್ಲಿ ಗಳಿಸಿದ್ದನ್ನು ಪ್ರಸಂಗದಲ್ಲಿ ಕಳೆದರು. ಸಭಾಪಾಲಕರು ಮಾತಿನ ಬಲವುಳ್ಳವರು, ಕನ್ನಡ ಶುದ್ಧವಾಗಿದೆ, ನಗಿಸಬಲ್ಲರು. ಆದರೆ ಆ ದಿನ ಅವರು 11ನೆಯ ವಚನವನ್ನು, ಅಂದರೆ ನಿಮ್ಮ ಮೇಲಿನ ನನ್ನ ಯೋಚನೆಗಳು ಹಿತದವು, ಅಹಿತದವಲ್ಲ ಎಂಬರ್ಥದ, ಕ್ರೈಸ್ತರ ಗೋಡೆ ಕ್ಯಾಲೆಂಡರುಗಳಲ್ಲಿ ಎಲ್ಲರೂ ಕಂಡಿರುವ ಮಾತನ್ನು, 13ನೆಯದಕ್ಕೆ ಗಂಟುಹಾಕಿ ಒಂದು ಲೆಕ್ಕ ಮಾಡಿಕೊಟ್ಟರು: ಪೂರ್ಣ ಮನಸ್ಸಿನಿಂದ ಹುಡುಕಿದವರಿಗೆ ಈ ವರ್ಷವೇ ಸೈಟು, ಈ ವರ್ಷವೇ ನೌಕರಿ, ಈ ವರ್ಷವೇ ಮಗಳ ಮದುವೆ. ಪ್ರತಿ ಸಾಲಿಗೂ ಆಮೆನ್ ಹೇಳಿಸಿದರು. ಕಾಲು ಗಂಟೆಯ ಹಿಂದೆ ಅದೇ ಹಾಲಿನಲ್ಲಿ ಓದಿದ ಕಾಗದದಲ್ಲಿ ಇದರ ತದ್ವಿರುದ್ಧವಿದೆ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಯೆಹೂದದ ಅರಸ ಯೆಕೊನ್ಯನನ್ನೂ ಯೆರೂಸಲೇಮಿನ ಕುಶಲಕರ್ಮಿಗಳನ್ನೂ ಬಾಬಿಲೋನಿಗೆ ಸೆರೆ ಒಯ್ದಿದ್ದನು. ಅಲ್ಲಿದ್ದವರಿಗೆ ಯೆರೆಮೀಯ ಬರೆದದ್ದು ಮನೆಗಳನ್ನು ಕಟ್ಟಿಕೊಳ್ಳಿರಿ, ತೋಟ ಮಾಡಿ ಅದರ ಫಲ ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಸೆರೆಯೊಯ್ದ ಆ ಊರಿನ ಕ್ಷೇಮವನ್ನೇ ಬಯಸಿ ಅದಕ್ಕಾಗಿ ಪ್ರಾರ್ಥಿಸಿರಿ ಎಂದು. ಬಿಡುಗಡೆ ಬರುವುದು 70 ವರ್ಷ ತುಂಬಿದ ಮೇಲೆ ಎಂದು 10ನೆಯ ವಚನ ಹೇಳುತ್ತದೆ. ಕಾಗದ ಓದಿಸಿಕೊಂಡ ದೊಡ್ಡವರಲ್ಲಿ ಬಹುಮಂದಿ ಅದನ್ನು ಕಣ್ಣಾರೆ ಕಾಣುವಂತಿರಲಿಲ್ಲ. ಪೂರ್ಣ ಮನಸ್ಸಿನಿಂದ ಹುಡುಕುವ ಮಾತು ಬರುವುದು ಈ 70 ವರ್ಷದ ಮಾತಿನ ಬೆನ್ನಿಗೇ.

ಪ್ರಸಂಗಿಗಳು ಒಂದು ಅಧ್ಯಾಯ ಹಿಂದಕ್ಕೆ ಹೋಗಿದ್ದರೆ ಇನ್ನೂ ಎಚ್ಚರವಾಗುತ್ತಿದ್ದರು. 28ನೆಯ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರೆದುರಿಗೆ ನಿಂತು ಎರಡೇ ವರ್ಷದೊಳಗೆ ಎಲ್ಲವೂ ಮರಳಿ ಬರುತ್ತದೆ ಎಂದು ಘೋಷಿಸಿ, ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಕಿತ್ತು ಮುರಿದು ತೋರಿಸುತ್ತಾನೆ. ಹಾಗೆಯೇ ಆಗಲಿ ಎಂದು ಯೆರೆಮೀಯನೂ ಬಯಸುತ್ತಾನೆ, ಆದರೆ ಮಾತು ನೆರವೇರಿದಾಗ ಪ್ರವಾದಿ ಯಾರೆಂದು ತಿಳಿಯುತ್ತದೆ ಎನ್ನುತ್ತಾನೆ. ಎರಡು ವರ್ಷದ ವಾಗ್ದಾನ ಕೊಟ್ಟ ಹನನ್ಯ ಅದೇ ವರ್ಷ ಏಳನೆಯ ತಿಂಗಳಲ್ಲಿ ಸತ್ತನೆಂಬುದು ಆ ಅಧ್ಯಾಯದ ಕೊನೆ. ವಾಗ್ದಾನದ ವಾಕ್ಯ ಯೆರೆಮೀಯನದು, ಪ್ರಸಂಗದ ಧಾಟಿ ಹನನ್ಯನದು: ಈ ಸಭೆಯ ಬಗ್ಗೆ ನನಗಿರುವ ಅತಿ ಗಂಭೀರ ದೂರು ಇದೇ. ಇದು ಬರೀ ಪಾಂಡಿತ್ಯದ ತಕರಾರಲ್ಲ. ದೇವರನ್ನು ಹುಡುಕಿದರೆ ಸೈಟು ಸಿಗುತ್ತದೆ ಎಂದು ಕೇಳಿಸಿಕೊಂಡವನು ಹುಡುಕುವುದು ಸೈಟನ್ನು. ವರ್ಷ ಮುಗಿದು ಸೈಟು ಸಿಗದಾಗ ಅವನು ದೇವರನ್ನು ಬಿಡದಿದ್ದರೂ ತನ್ನ ಮನಸ್ಸೇ ಪೂರ್ಣವಾಗಿರಲಿಲ್ಲ ಎಂದು ತನ್ನನ್ನೇ ದೂರಿಕೊಳ್ಳುತ್ತಾನೆ. ಭಟ್ಟಿಯಲ್ಲಿ ದುಡಿಯುವ ಆ ಹೆಣ್ಣುಮಗಳ ಮೇಲೆ ಅಂತಹ ಹೊರೆ ಹೊರಿಸುವ ಹಕ್ಕು ಯಾವ ಪ್ರಸಂಗಕ್ಕೂ ಇಲ್ಲ. ಬಾಡಿಗೆ ಮನೆಯಲ್ಲಿದ್ದುಕೊಂಡೇ, ನೌಕರಿ ಸಿಗದಿರುವಾಗಲೇ, ಇರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸುತ್ತ ದೇವರನ್ನು ಹುಡುಕುವುದು ಹೇಗೆ ಎಂಬ ಪ್ರಸಂಗ ಆ ಅಧ್ಯಾಯದಲ್ಲೇ ಸಿದ್ಧವಾಗಿ ಕೂತಿತ್ತು.

ಪ್ರಕಟಣೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹುಟ್ಟುಹಬ್ಬ, ವಿವಾಹ ವಾರ್ಷಿಕೋತ್ಸವ, ಹೊಸ ಸ್ಕೂಟರಿಗೆ ಪ್ರಾರ್ಥನೆ, ದಾನ ಕೊಟ್ಟವರ ಹೆಸರು ಮತ್ತು ಮೊತ್ತ. ಮೊತ್ತ ಓದುವುದನ್ನು ನಿಲ್ಲಿಸಬೇಕು.

ಸಮಾಧಾನ ಹಂಚಿಕೊಳ್ಳುವ ಪದ್ಧತಿಯನ್ನು ಸವಿಸ್ತಾರವಾಗಿಯೇ ಹೇಳಬೇಕು. ಮಲಬಾರಿನ ಸಿರಿಯನ್ ಕ್ರೈಸ್ತರಲ್ಲಿ ಬಹುಕಾಲದಿಂದ ಇದ್ದ ಇದನ್ನು ದಕ್ಷಿಣ ಭಾರತ ಸಭೆ ತನ್ನ ಕ್ರಮಕ್ಕೆ ತಂದುಕೊಂಡಿತು. ಕೊಡುವವನು ತನ್ನ ಎರಡು ಅಂಗೈಗಳ ನಡುವೆ ಪಕ್ಕದವನ ಕೈ ಹಿಡಿದು ಸಮಾಧಾನ ಹೇಳುತ್ತಾನೆ, ಪಡೆದವನು ತನ್ನ ಪಕ್ಕದವನಿಗೆ ಅದನ್ನು ದಾಟಿಸುತ್ತಾನೆ. ಇದರ ಜಾಗ ಕಾಣಿಕೆಗೂ ಭೋಜನಕ್ಕೂ ಮುಂಚೆ. ಯಜ್ಞವೇದಿಯ ಬಳಿ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪವಿದೆ ಎಂಬುದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಯೇಸು ಮತ್ತಾಯನ 5ನೆಯ ಅಧ್ಯಾಯದಲ್ಲಿ ಹೇಳಿದ ಅನುಕ್ರಮವೇ ಇದು. ಕಾಣದ ದೇವರನ್ನು ಹುಡುಕುತ್ತೇನೆಂದು ಬಂದವನನ್ನು ಕಾಣುವ ಮನುಷ್ಯನ ಕಡೆಗೆ ತಿರುಗಿಸುವ ಈ ಭಾಗದಲ್ಲಿ ಬಾಯಿಮಾತಿಗೆ ಅಡಗಿಕೊಳ್ಳಲು ಜಾಗವಿಲ್ಲ.

ಎಡಬದಿಯ ಕುರ್ಚಿಗಳಲ್ಲಿ ಇಬ್ಬರು ಹೆಂಗಸರಿಗೆ ಚೀಟಿ ಹಣದ ವಿಷಯದಲ್ಲಿ ಮಾತು ಬಿಟ್ಟುಹೋಗಿದೆ ಎಂಬುದು ಸಭೆಯಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಇಬ್ಬರೂ ಸಾಮಾನ್ಯವಾಗಿ ಬೇರೆ ಬೇರೆ ಸಾಲಿನಲ್ಲಿ ಕೂರುತ್ತಾರೆ. ಕರ್ತನ ಭೋಜನವಿದ್ದ, ತಿಂಗಳ ಒಂದು ಮೊದಲ ಭಾನುವಾರ ಜನ ಹೆಚ್ಚಾಗಿ, ಇವರಿಬ್ಬರಲ್ಲಿ ತಡವಾಗಿ ಬಂದವರಿಗೆ ಸಿಕ್ಕಿದ್ದು ಮತ್ತೊಬ್ಬರ ಪಕ್ಕದ ಕುರ್ಚಿಯೇ. ಸಮಾಧಾನ ಸಾಲಿನಲ್ಲಿ ದಾಟಿ ಬರುತ್ತಿದ್ದಾಗ ಇಬ್ಬರಲ್ಲಿ ಒಬ್ಬರು ಕೈ ಚಾಚಿದರು. ಇನ್ನೊಬ್ಬರು ಸಂಗೀತ ಪುಸ್ತಕದ ಹಾಳೆ ತಿರುವುತ್ತ ಅದನ್ನು ನೋಡದವರಂತಿದ್ದರು. ಚಾಚಿದ ಕೈ ಹಿಂದಕ್ಕೆ ಹೋಗಲಿಲ್ಲ. ಹಿಂದಿನ ಸಾಲಿನವರೆಲ್ಲ ತಮ್ಮ ಸಮಾಧಾನ ಮುಗಿಸಿ ಇತ್ತ ನೋಡತೊಡಗಿದ ಮೇಲೆ, ಪುಸ್ತಕದವರು ಮುಖ ಎತ್ತದೆಯೇ ಬೆರಳ ತುದಿಗಳನ್ನಷ್ಟೇ ಕೊಟ್ಟರು. ಕೈಚಾಚಿದವರು ಭೋಜನಕ್ಕೆ ಎದ್ದು ಹೋದರು, ಬೆರಳು ಕೊಟ್ಟವರು ಕುರ್ಚಿಯಲ್ಲೇ ಉಳಿದರು. ರೊಟ್ಟಿಯನ್ನು ತೆಗೆದುಕೊಳ್ಳುವ ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲಿ ಎಂದು ಪೌಲನು ಕೊರಿಂಥದವರಿಗೆ ಬರೆದದ್ದನ್ನು ಆಕೆ ನಿಜವಾಗಿ ನಡೆಸಿದರೆಂದೇ ನಾನು ತಿಳಿಯುತ್ತೇನೆ. ಅಂದು ಕುರ್ಚಿಯಲ್ಲಿ ಉಳಿದ ಆಕೆ, ಎದ್ದು ಹೋದ ನಮ್ಮಲ್ಲಿ ಅನೇಕರಿಗಿಂತ ಹೆಚ್ಚು ಪೂರ್ಣ ಮನಸ್ಸಿನವರಾಗಿದ್ದಿರಬಹುದು. ಚೀಟಿಯ ಜಗಳ ಬಗೆಹರಿದಂತೆ ತೋರಲಿಲ್ಲ.

ಶುಕ್ರವಾರದ ಉಪವಾಸ ಪ್ರಾರ್ಥನೆಗೂ ಹೋಗಿ ನೋಡಿದ್ದೇನೆ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ, ಬರುವವರು ಹೆಚ್ಚಾಗಿ ಹೆಂಗಸರು, ವಾದ್ಯಗಳಿಲ್ಲ, ಸಭಾಪಾಲಕರು ಇದ್ದರೂ ಇರದಿದ್ದರೂ ನಡೆಯುತ್ತದೆ. ಒಬ್ಬರು ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆಯನ್ನು ಓದುತ್ತಾರೆ, ಉಳಿದವರು ಅದರ ಮೇಲೆ ಪ್ರಾರ್ಥಿಸುತ್ತಾರೆ, ನಡುನಡುವೆ ಯಾರೂ ಮಾತಾಡದೆ ಕೂರುತ್ತಾರೆ. ಒಂದು ದಿನ 63ನೆಯ ಕೀರ್ತನೆ, ನೀರಿಲ್ಲದ ಒಣನೆಲದಲ್ಲಿ ದೇವರಿಗಾಗಿ ಬಾಯಾರುವ ಮಾತು, ಓದಿದ ಮೇಲೆ ಒಬ್ಬರು ಜಗಳೂರು ಕಡೆಯ ತಮ್ಮ ತವರಿನಲ್ಲಿ ಕೊಳವೆಬಾವಿ ಬತ್ತಿದ್ದನ್ನು ಹೇಳಿಕೊಂಡು ಆ ಊರಿಗಾಗಿ ಪ್ರಾರ್ಥಿಸಿದರು. ಪ್ರಸಂಗದಲ್ಲಿ ತಪ್ಪಿಹೋದದ್ದು, ಇರುವ ಊರಿನ ಕ್ಷೇಮವನ್ನು ಬಯಸಿರೆಂಬ ಆ ಮಾತು, ಯಾರೂ ವ್ಯಾಖ್ಯಾನಿಸದೆಯೇ ಇಲ್ಲಿ ನಡೆಯುತ್ತಿತ್ತು. ಕೆಲಸಕ್ಕೆ ಹೋಗುವವರಿಗೆ ಈ ಹೊತ್ತು ಆಗಿಬರುವುದಿಲ್ಲ. ಸಂಜೆಗೂ ಒಂದು ಕೂಟ ಇಟ್ಟರೆ ಈ ಸಭೆಯ ಬೆಲೆಬಾಳುವ ಗಂಟೆಗಳು ಇನ್ನಷ್ಟು ಜನಕ್ಕೆ ಸಿಗುತ್ತವೆ.

ಯಾರಿಗೆ ಈ ಆರಾಧನೆ ಹೊಂದುತ್ತದೆ ಎಂದರೆ, ಹೊಸದಾಗಿ ಊರಿಗೆ ಬಂದು ಕನ್ನಡದಲ್ಲೇ ಆರಾಧಿಸಬೇಕೆನ್ನುವವರಿಗೆ, ಮಕ್ಕಳಿರುವ ಕುಟುಂಬಗಳಿಗೆ (ಭಾನುವಾರ ಶಾಲೆ ಮಹಡಿಯಲ್ಲಿ ಪ್ರಸಂಗದ ಹೊತ್ತಿನಲ್ಲೇ ನಡೆಯುತ್ತದೆ, ಹೇಳಿಕೊಡುವವರು ಸಮರ್ಥರು), ಮತ್ತು ಜಾತಿ ಕೇಳಿಸಿಕೊಂಡು ಬೇಸತ್ತವರಿಗೆ ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಕಿವಿಯ ತೊಂದರೆ ಇರುವವರು, ಗದ್ದಲಕ್ಕೆ ತಲೆನೋವು ಬರುವವರು ಯೋಚಿಸಿ ಹೋಗಬೇಕು. ಕ್ರಮಬದ್ಧ ಪೂಜೆಯನ್ನೇ ಬಯಸುವ ಕಥೋಲಿಕರಿಗೆ ಇದು ಬೇರೆಯದೇ ಲೋಕ. ಅವರಿಗೆ ಸುಮಾರು 15 ಕಿಲೋಮೀಟರ್ ದೂರದ ಹರಿಹರದಲ್ಲಿ, 2019ರಲ್ಲಿ ಕಿರಿಯ ಬೆಸಿಲಿಕಾ ಎಂಬ ಮನ್ನಣೆ ಪಡೆದ ಆರೋಗ್ಯಮಾತೆಯ ದೇವಾಲಯವಿದೆ. ಸೈಟು ನೌಕರಿಗಳ ಪ್ರಸಂಗವನ್ನು ಕೇಳಿಸಿಕೊಂಡೂ ಅಧ್ಯಾಯವನ್ನು ಮನೆಗೆ ಹೋಗಿ ಪೂರ್ತಿ ಓದಿಕೊಳ್ಳುವ ತಾಳ್ಮೆಯುಳ್ಳವರು ಇಲ್ಲಿ ನಷ್ಟ ಹೊಂದುವುದಿಲ್ಲ.

ಹೋಗುವವರು ಎಂಟೂಕಾಲಕ್ಕೆ ಮುಂಚೆ ತಲುಪಿದರೆ ಎಡಬದಿಯ ಕಿಟಕಿ ಪಕ್ಕದ ಕುರ್ಚಿ ಸಿಗುತ್ತದೆ; ದೊಡ್ಡ ಸ್ಪೀಕರು ಬಲಬದಿಯಲ್ಲಿದೆ. ಪ್ರೊಜೆಕ್ಟರನ್ನು ನೆಚ್ಚದೆ ಸಂಗೀತ ಪುಸ್ತಕವನ್ನೂ ಸತ್ಯವೇದವನ್ನೂ ಕೈಯಲ್ಲಿ ತರುವುದು ಒಳ್ಳೆಯದು. ಕರ್ತನ ಭೋಜನ ತಿಂಗಳ ಮೊದಲ ಭಾನುವಾರ ಮಾತ್ರ, ಅಂದು ಆರಾಧನೆ ಹನ್ನೊಂದರವರೆಗೆ ನಡೆಯುತ್ತದೆ. ಸಮಾಧಾನ ಹಂಚಿಕೊಳ್ಳುವುದು ಬೇರೆ ಭಾನುವಾರಗಳಲ್ಲಿಯೂ ಇರುತ್ತದೆ, ಆದರೆ ಪ್ರಕಟಣೆಗಳು ಉದ್ದವಾದ ದಿನ ಅದನ್ನೇ ಬಿಟ್ಟುಬಿಡುತ್ತಾರೆ.